ಉಣ್ಣೆ ಬಿಚ್ಚುವ ಕ್ರಮ

ಫೆಬ್ರವರಿ 7, 1982, ಭಾನುವಾರ

ಇವತ್ತು ಮನೆಯೊಡತಿ ಪಾನಿ ಓತಿಲಿಯಾ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಒಂದು ಹಳೆಯ ಸ್ವೆಟರನ್ನು ಬಿಚ್ಚಿದರು. ಸ್ವೆಟರು ಅವರ ಮಡಿಲಲ್ಲಿ ಸಾಲುಸಾಲಾಗಿ ಕರಗುತ್ತಿತ್ತು. ನೂಲು ನನ್ನ ಮುಂಗೈಗಳ ಸುತ್ತ ಲಡಿಯಾಗಿ ಬೆಳೆಯುತ್ತಿತ್ತು. ಕೈ ಮೇಲೆತ್ತಿ ಶರಣಾದವಳ ಹಾಗೆ ಕುಳಿತಿದ್ದೆ.

"ಅಲ್ಲಾಡಬೇಡ ಕಣೇ. ನಿನ್ನ ಕ್ರಾಂತಿ ಎಲ್ಲೂ ಓಡಿಹೋಗಲ್ಲ," ಅಂದರು.

ಕ್ರಾಂತಿಯ ವಿಷಯವನ್ನು ನಾನು ಅವರ ಹತ್ತಿರ ಎಂದೂ ಎತ್ತಿಲ್ಲ. ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೇನೆ, ನೂಲಿನ ಗಿರಣಿಗೆ ಹೋಗುತ್ತೇನೆ, ಬರುತ್ತೇನೆ, ಅಷ್ಟೆ. ಹಾಸಿಗೆಯ ಕೆಳಗಿರುವ ಕರಪತ್ರಗಳನ್ನು ಗುಡಿಸುವಾಗ ನೋಡಿರಬೇಕು. ಅವಕ್ಕೆ ಬೇರೆ ಜಾಗ ಹುಡುಕಬೇಕು.

ಅಂಗಡಿಯಲ್ಲಿ ಉಣ್ಣೆ ಇಲ್ಲ. ಡಿಸೆಂಬರಿನಲ್ಲಿ ಸೇನಾಡಳಿತ ಬಂದ ಮೇಲಂತೂ ಏನೂ ಇಲ್ಲ. ಆದ್ದರಿಂದ ಇಡೀ ವೂಚ್ ನಗರ ತನ್ನ ಹಳೆಯ ಸ್ವೆಟರುಗಳನ್ನು ಪಾನಿ ಓತಿಲಿಯಾ ಅಂಥವರ ಕೈಗೆ ಕೊಟ್ಟು ಹೊಸದು ಮಾಡಿಸಿಕೊಳ್ಳುತ್ತಿದೆ. ಜನ ತಮ್ಮ ಮೊಣಕೈ ಬೆಚ್ಚಗಿಟ್ಟುಕೊಳ್ಳುವ ಚಿಂತೆಯಲ್ಲಿರುವವರೆಗೂ ಇತಿಹಾಸ ಮುಂದಕ್ಕೆ ಹೋಗುವುದಿಲ್ಲ. ಹೀಗಂದುಕೊಳ್ಳುತ್ತಲೇ ಲಡಿಯನ್ನು ಕೆಳಗಿಟ್ಟು, ಸ್ವೆಟರಿನ ಒಂದು ತೋಳನ್ನು ಎತ್ತಿಕೊಂಡು ನಾನೂ ಬಿಚ್ಚಲು ನೋಡಿದೆ. ಹೆಣಿಗೆ ಶುರುವಾದ ಅಂಚಿನಿಂದ ಎಳೆದೆ. ಎಳೆದಷ್ಟೂ ಗಂಟಾಯಿತು.

"ಅಯ್ಯೋ, ಬಿಡು! ಹೆಣೆಯೋಕೆ ಶುರು ಮಾಡಿದ ಕಡೆಯಿಂದ ಬಿಚ್ಚಕ್ಕಾಗಲ್ಲ. ಕೊನೆಗೆ ಎಲ್ಲಿ ಮುಗಿಸಿದ್ರೋ ಅಲ್ಲಿಂದ ಹಿಡೀಬೇಕು."

"ಯಾಕೆ?"

"ಯಾಕೆ ಅಂದ್ರೆ? ಹಾಗೇ."

ಇದು ಉತ್ತರವಲ್ಲ. ಆಮೇಲೆ ದೀಪದ ಕೆಳಗೆ ಒಂದು ತುಂಡನ್ನು ಹಿಡಿದು ನೋಡಿದೆ. ಪ್ರತಿ ಕುಣಿಕೆಯೂ ತನ್ನ ಕೆಳಗಿನದರೊಳಗಿಂದ ಹಾದುಬಂದಿರುತ್ತದೆ. ಮೇಲಿನದು ಜಾರಿದರೆ ಕೆಳಗಿನದು ತಾನಾಗಿ ಬಿಡುಗಡೆಯಾಗುತ್ತದೆ. ಕೆಳಗಿನದನ್ನು ಎಳೆದರೆ ಮೇಲಿನವೆಲ್ಲ ಅದರ ಕುತ್ತಿಗೆಗೆ ಬಿಗಿಯುತ್ತವೆ. ಈ ವಿಷಯವನ್ನು ಒಂದು ಕರಪತ್ರದಲ್ಲಾದರೂ ಯಾರಾದರೂ ಬರೆಯಬೇಕಿತ್ತು.

ಫೆಬ್ರವರಿ 10

ಏನನ್ನೂ ಬರೆದಿಡಬಾರದು ಎನ್ನುವುದು ನಮ್ಮ ಮೊದಲ ನಿಯಮ. ಇದು ಬರಿ ಒಂದು ಕ್ರಿಯಾಪದದ ಬಗ್ಗೆ ಟಿಪ್ಪಣಿ. ಹೆಸರುಗಳನ್ನೂ ಬದಲಿಸಿದ್ದೇನೆ. ಹೆಸರಿನ ಮುಂದಿನ ಗೌರವ ಮಾತ್ರ, ಹೆಂಗಸಿಗೆ ‘ಪಾನಿ’, ಗಂಡಸಿಗೆ ‘ಪಾನ್’, ಹಾಗೇ ಇದೆ. ಇಲ್ಲಿ ನನ್ನ ಹೆಸರು ವೆಶಾ, ನಿಜದಲ್ಲಿ ಅಲ್ಲ.

ಬಿಚ್ಚುವುದಕ್ಕೆ ನಮ್ಮಲ್ಲಿರುವ ಕ್ರಿಯಾಪದ ‘ಪ್ರುಚ್’. ಗಿರಣಿಯ ವಾಚನಾಲಯದ ನಿಘಂಟಿನಲ್ಲಿ ನೋಡಿದೆ: ಹೊಲಿದದ್ದನ್ನು ಅಥವಾ ಹೆಣೆದದ್ದನ್ನು ಎಳೆಯೆಳೆಯಾಗಿ ಬಿಚ್ಚುವುದು. ಆದರೆ ನಿಘಂಟು ಮನೆಯೊಳಗೆ ಕುಳಿತ ಪುಸ್ತಕ. ಮೂರು ದಿನದಿಂದ ಕಿವಿ ತೆರೆದು ತಿರುಗುತ್ತಿದ್ದೇನೆ. ಮೀನು ಸಾಗಿಸುವ ಲಾರಿಯವನು ಹೇಳಿದ, ಹೆದ್ದಾರಿಯನ್ನು ‘ಬಿಚ್ಚಿಕೊಂಡು’ ಬಂದೆ ಅಂತ. ಅಂದರೆ ಜೋರಾಗಿ ಓಡಿಸಿದ. ಗಿರಣಿಯ ಮೇಲ್ವಿಚಾರಕ ನನಗೆ ಹೇಳಿದ, ನನ್ನ ಮುಂದೆ ‘ಬಿಚ್ಚಬೇಡ’ ಅಂತ. ಅಂದರೆ ಎದುರುತ್ತರ ಕೊಡಬೇಡ. ಮೂಲೆಯ ಪಡಖಾನೆಯ ಮುಂದೆ ನಿಲ್ಲುವವರಿಗೆ ಅದು ತಿಜೋರಿ ಕೊರೆಯುವ ಕೆಲಸ. ಜೈಲು ಕಂಡವರಿಗೆ ವಿಚಾರಣೆಯಲ್ಲಿ ಬಾಯಿಬಿಡುವುದು.

ನಿಧಾನದ ಕೆಲಸಕ್ಕೂ ಅವಸರದ ಕೆಲಸಕ್ಕೂ ಒಂದೇ ಶಬ್ದ ಯಾಕೆ? ತಿತುಸ್‌ನನ್ನು ಕೇಳಿದೆ.

"ನಿನಗೆ ಬೇರೆ ಕೆಲಸ ಇಲ್ವಾ?" ಅಂದ.

ಕರಪತ್ರ ಮುದ್ರಿಸುವ ನಮ್ಮ ಮೂವರ ಗುಟ್ಟಿನ ಗುಂಪಿಗೆ ಅವನೇ ಮುಖಂಡ, ವಿಶ್ವವಿದ್ಯಾಲಯದಿಂದ ತೆಗೆದುಹಾಕಲ್ಪಟ್ಟವನು. ಅವನು ಹೇಳಿದ್ದು ಸರಿ.

ಫೆಬ್ರವರಿ 14, ಭಾನುವಾರ

ಮುದ್ರಿಸಿದೆವು. ನಮ್ಮ ಮುದ್ರಣಾಲಯ ಅಂದರೆ ಬಟ್ಟೆ ಒಗೆಯುವ ಯಂತ್ರದ ಮೇಲಿರುವ ಹಿಂಡುವ ಸಾಧನ. ಎರಡು ರಬ್ಬರಿನ ಉರುಳೆ, ಒಂದು ಚೌಕಟ್ಟು, ತಿರುಗಿಸಲು ಒಂದು ಹಿಡಿ. ಮೇಣದ ಹಾಳೆಯ ಮೇಲೆ ನಾನು ಟೈಪ್ ಮಾಡುತ್ತೇನೆ, ಒಗೆಯುವ ಪೇಸ್ಟಿಗೆ ಕಪ್ಪು ಬಣ್ಣ ಕಲಸಿ ಶಾಯಿ ಮಾಡುತ್ತೇವೆ, ಉರುಳೆಗಳು ಅದನ್ನು ಅಕ್ಷರದ ತೂತುಗಳಿಂದ ಕಾಗದಕ್ಕೆ ಒತ್ತುತ್ತವೆ.

ಕೆಲಸ ಮುಗಿದ ಕೂಡಲೇ ಬಿಡಿಬಿಡಿ ಮಾಡುತ್ತೇವೆ. ಚೌಕಟ್ಟನ್ನು ತಿತುಸ್ ತನ್ನ ವಸತಿಯ ನೆಲಮಾಳಿಗೆಗೆ ಒಯ್ಯುತ್ತಾನೆ. ಹಿಡಿ ನನ್ನದು, ಪಾನಿ ಓತಿಲಿಯಾರ ಅಡಿಗೆಮನೆಯ ಡ್ರಾಯರಿನಲ್ಲಿ ಸೌಟುಗಳ ನಡುವೆ ಮಲಗಿರುತ್ತದೆ. ಉರುಳೆಗಳನ್ನು ನಾನು ಟ್ರಾಂ ಚಾಲಕ ಲೋಂಗಿನ್‌ಗೆ ತಲುಪಿಸುತ್ತೇನೆ. ಅವನಿಗೆ ನಾನು ಗೊತ್ತು, ತಿತುಸ್ ಯಾರೆಂದು ಗೊತ್ತಿಲ್ಲ. ಒಂದೊಂದು ಬಿಡಿಭಾಗವನ್ನು ನೋಡಿದರೆ ಮಗುವೂ ಸಂಶಯಪಡುವುದಿಲ್ಲ.

ಲೋಂಗಿನ್ ವಿಧುರ. ಹನ್ನೊಂದು ವರ್ಷದ ಮಗಳಿದ್ದಾಳೆ. ಕರಪತ್ರ ಓದುವುದಿಲ್ಲ, ಇಟ್ಟುಕೊಳ್ಳುತ್ತಾನೆ ಅಷ್ಟೆ. ಅವನ ಪ್ರಜ್ಞಾಮಟ್ಟದ ಬಗ್ಗೆ ನನಗೆ ಸಂಶಯ.

ಫೆಬ್ರವರಿ 17

ಲೋಂಗಿನ್‌ನನ್ನು ಹಿಡಿದಿದ್ದಾರೆ. ಡಿಪೋದಿಂದಲೇ.

ಫೆಬ್ರವರಿ 19

ಬಿಟ್ಟರು. ಎರಡೇ ದಿನಕ್ಕೆ.

ಫೆಬ್ರವರಿ 20, ಶನಿವಾರ

ತಿತುಸ್‌ನ ನೆಲಮಾಳಿಗೆಗೆ ಮಿಲಿಷಿಯಾ ಪೊಲೀಸರು ಬಂದು ಚೌಕಟ್ಟನ್ನು ಒಯ್ದಿದ್ದಾರೆ. ಪುಣ್ಯಕ್ಕೆ ಅವನು ಮನೆಯಲ್ಲಿರಲಿಲ್ಲ. ಈಗ ಗೆಳೆಯನ ಮನೆಯಲ್ಲಿ ಮಲಗುತ್ತಿದ್ದಾನೆ. ಒಂದು ಅಗ್ಗದ ಉಪಾಹಾರ ಗೃಹದಲ್ಲಿ ಭೇಟಿಯಾದೆವು. ಎದುರಿಗೆ ಬೀಟ್‌ರೂಟ್ ಸಾರು ತಣ್ಣಗಾಗುತ್ತಿತ್ತು, ಅವನು ಮುಟ್ಟಲಿಲ್ಲ.

"ಬಿಚ್ಚಿಕೊಂಡಿದ್ದಾನೆ," ಅಂದ.

"ಯಾರು?"

"ಯಾರು ಅಂತ ಕೇಳ್ತೀಯಲ್ಲ. ನಿನ್ನ ಟ್ರಾಂನವನು. ಪಕ್ಕದ ಕೋಣೆಯಲ್ಲಿದ್ದವನು ಹೊರಗೆ ಬಂದು ಹೇಳಿದಾನೆ. ಎರಡು ದಿನ ಬಾಯಿ ಮುಚ್ಚಲಿಲ್ಲವಂತೆ. ಗೋಡೆಯಾಚೆಗೂ ಕೇಳಿಸ್ತಿತ್ತಂತೆ, ಗೊಣಗೊಣ, ಗೊಣಗೊಣ."

ನನ್ನ ಮೈಯೆಲ್ಲ ಉರಿಯಿತು. ವಿಚಾರಣೆಯಲ್ಲಿ ಹೇಗಿರಬೇಕೆಂಬ ಕಿರುಪುಸ್ತಕ ನನಗೆ ಬಾಯಿಪಾಠ. ಒಂದೇ ಒಂದು ಮಾತು ಆಡಬಾರದು. ಹವಾಮಾನದ ಬಗ್ಗೆಯೂ ಆಡಬಾರದು. ಒಂದು ಮಾತು ಇನ್ನೊಂದನ್ನು ಎಳೆದು ತರುತ್ತದೆ. ಅದನ್ನು ನಾನೇ ನನ್ನ ಕೈಯಾರೆ ನಕಲು ಮಾಡಿ ಲೋಂಗಿನ್‌ಗೆ ಕೊಟ್ಟಿದ್ದೆ.

ಮಾರ್ಚ್ 13ಕ್ಕೆ ಸೇನಾಡಳಿತಕ್ಕೆ ಮೂರು ತಿಂಗಳು. ಅದಕ್ಕೆ ಮೊದಲು ಹೊರಬರುವ ನಮ್ಮ ಪತ್ರಿಕೆಯಲ್ಲಿ ಅವನ ಹೆಸರು ಹಾಕಬೇಕೆಂದು ತಿತುಸ್ ಹೇಳಿದ. ಪೂರ್ತಿ ಹೆಸರು, ಡಿಪೋ, ಟ್ರಾಂ ಸಂಖ್ಯೆ.

"ನಾನು ಬರೀತೀನಿ," ಅಂದೆ.

ಫೆಬ್ರವರಿ 21

ಬರೆದೆ. ಮೂರು ವಾಕ್ಯ. ಒಂದು ಶಬ್ದವೂ ಹೆಚ್ಚಿಲ್ಲ. ಇಷ್ಟು ಬಿಗಿಯಾಗಿ ನಾನು ಇದುವರೆಗೆ ಬರೆದಿಲ್ಲ. ಮೇಣದ ಹಾಳೆಯ ಕೊನೆಯಲ್ಲಿ ಟೈಪ್ ಮಾಡಿಯೂ ಆಯಿತು. ಕೊನೆಯ ವಾಕ್ಯ ಹೀಗಿದೆ: ‘ಇವನಿಗೆ ಕೈ ಕೊಡಬೇಡಿ, ಇವನ ಪಕ್ಕದಲ್ಲಿ ಕೂರಬೇಡಿ, ಇವನ ಮಾತಿಗೆ ಉತ್ತರಿಸಬೇಡಿ.’

ಓದಿ ನೋಡಿ ಸಂತೋಷವಾಯಿತು.

ಫೆಬ್ರವರಿ 25, ಗುರುವಾರ

ಪಾಳಿ ಮುಗಿಸಿ ಬಂದರೆ ಅಡಿಗೆಮನೆಯಲ್ಲಿ ಲೋಂಗಿನ್ ಕುಳಿತಿದ್ದಾನೆ. ನನ್ನ ಸ್ಟೂಲಿನ ಮೇಲೆ. ಎರಡೂ ಕೈ ಮುಂದಕ್ಕೆ ಚಾಚಿ. ಮುಂಗೈಗಳ ಸುತ್ತ ಬೂದು ಉಣ್ಣೆ.

"ಬಂದ್ಯಾ? ತಗೋ, ನೀನು ಬಿಚ್ಚು. ನಾನು ಆಲೂಗಡ್ಡೆ ನೋಡ್ತೀನಿ," ಎಂದು ಪಾನಿ ಓತಿಲಿಯಾ ಸ್ವೆಟರನ್ನು ನನ್ನ ಮಡಿಲಿಗೆ ಹಾಕಿದರು.

ಹೊರಟುಹೋಗಬೇಕಿತ್ತು. ಆದರೆ ಯೋಚಿಸಿದೆ: ಇವನ ಕೈಗಳು ಕಟ್ಟಿವೆ, ಏಳುವಂತಿಲ್ಲ. ವಿಚಾರಣೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಕುಳಿತೆ. ನೂಲಿನ ತುದಿ ಹಿಡಿದೆ.

"ಮಗಳು ಕಿಂಗಾಗೆ," ಎಂದು ಅವನೇ ಶುರು ಮಾಡಿದ. "ಒಂದೇ ಚಳಿಗಾಲಕ್ಕೆ ಇಷ್ಟುದ್ದ ಬೆಳೆದುಬಿಟ್ಟಿದಾಳೆ. ನನ್ನದರಲ್ಲಿ ಅವಳಿಗೊಂದು ಆಗುತ್ತೆ, ಉಳಿದರೆ ಕಾಲುಚೀಲ. ಪಾನಿ ವೆಶಾ, ನೀವ್ಯಾಕೆ ಬರಲೇ ಇಲ್ಲ? ನಿಮ್ಮ ಸಾಮಾನು ನನ್ನ ಹತ್ತಿರಾನೇ ಇದೆಯಲ್ಲ."

"ಯಾವ ಸಾಮಾನು?"

"ಉರುಳೆಗಳು."

ನೂಲು ನನ್ನ ಕೈಯಲ್ಲಿ ನಿಂತಿತು.

"ಅವು ಇನ್ನೂ ಇವೆಯಾ? ಮನೆ ಜಾಲಾಡಲಿಲ್ವಾ?"

"ಜಾಲಾಡದೆ ಬಿಡ್ತಾರಾ! ಹಿಟ್ಟಿನ ಡಬ್ಬಕ್ಕೂ ಕೈ ಹಾಕಿದ್ರು. ಉರುಳೆಗಳ ಮೇಲೆ ನಾನು ಉಣ್ಣೆ ಸುತ್ತಿಟ್ಟಿದ್ದೆ, ದಪ್ಪ ಉಂಡೆ ಎರಡು. ಒಬ್ಬ ಎತ್ತಿ ನೋಡಿದ, ‘ನಿಮಗೆಲ್ಲಿ ಸಿಕ್ತು ಇಷ್ಟೊಂದು ಉಣ್ಣೆ?’ ಅಂದ. ಸತ್ತ ಹೆಂಡತಿದು ಅಂದೆ. ವಾಪಸ್ ಇಟ್ಟ."

ಒಲೆಯ ಹತ್ತಿರದಿಂದ ಪಾನಿ ಓತಿಲಿಯಾ ನಕ್ಕರು. ನಾನು ನಗಲಿಲ್ಲ.

"ನೀವು ಅಲ್ಲಿ ಮಾತಾಡಿದ್ರಂತೆ," ಅಂದೆ. ನನ್ನ ದನಿ ಗಟ್ಟಿಯಾಗಿಯೇ ಇತ್ತು.

"ಮಾತಾಡಿದೆ."

"ಎರಡು ದಿನ?"

"ಎರಡು ದಿನಾನೂ. ನಿಮ್ಮ ಆ ಪುಸ್ತಕ ಓದಿದೆ ತಾಯಿ, ಸುಮ್ಮನಿರು ಅಂತ ಬರೆದಿತ್ತು. ಕಾಲು ಗಂಟೆ ಸುಮ್ಮನಿದ್ದೆ. ನನ್ನ ಕೈಲಾಗಲಿಲ್ಲ. ಸುಮ್ಮನಿದ್ರೆ ಕಿಂಗಾ ಒಬ್ಬಳೇ ಏನು ಮಾಡ್ತಿದಾಳೋ ಅಂತ ಅದೇ ಯೋಚನೆ ಬರೋದು. ಅದಕ್ಕೆ ಟ್ರಾಂ ವಿಷಯ ಶುರು ಮಾಡಿದೆ. ನಮ್ಮ ಹಳಿ ಬೇರೆ ಊರಿನದಕ್ಕಿಂತ ಕಿರಿದು ಯಾಕೆ, ಮಂಜಿನಲ್ಲಿ ಮರಳು ಯಾವಾಗ ಬಿಡಬೇಕು, ತಿರುವಿನಲ್ಲಿ ಗಂಟೆ ಹೊಡೆಯದ ಚಾಲಕರು ಯಾರ್ಯಾರು. ಮೊದಮೊದಲು ಬರಕೊಂಡ್ರು. ಆಮೇಲೆ ಪೆನ್ನು ಇಟ್ಟರು. ಎರಡನೇ ದಿನ ಆ ಕ್ಯಾಪ್ಟನ್ ತಲೆ ಹಿಡಕೊಂಡು, ‘ಇವನನ್ನ ಕರಕೊಂಡು ಹೋಗ್ರಯ್ಯಾ’ ಅಂದ."

"ಹೆಸರು ಹೇಳಿದ್ರಾ?"

"ಯಾರದು? ನನಗೆ ನಿಮ್ಮೊಬ್ಬರದೇ ತಾನೇ ಗೊತ್ತಿರೋದು."

ನಾನು ಇಲ್ಲೇ ಕುಳಿತಿದ್ದೇನೆ. ಯಾರೂ ನನ್ನನ್ನು ಹಿಡಿದಿಲ್ಲ.

ಅವನು ಮುಂಗೈ ಓರೆ ಮಾಡಿ ಲಡಿಯನ್ನು ಸಡಿಲಿಸಿದ. "ಆದ್ರೆ ಡಿಪೋದಲ್ಲಿ ಏನೋ ಆಗಿದೆ. ನಾನು ಹೋಗಿ ಕೂತರೆ ಎಲ್ಲರಿಗೂ ಒಮ್ಮೆಲೇ ಏನೋ ಕೆಲಸ ನೆನಪಾಗುತ್ತೆ. ಬೆಂಚು ಪೂರ್ತಿ ನನ್ನದೇ. ಕಿಂಗಾಳ ಪಕ್ಕ ಕೂರೋ ಹುಡುಗೀನೂ ಜಾಗ ಬದಲಿಸಿದಾಳಂತೆ. ನಿಮ್ಮ ಕಿವಿಗೇನಾದ್ರೂ ಬಿತ್ತಾ?"

"ಇಲ್ಲ," ಅಂದೆ.

"ಬೇಗ ಬೇಗ ಎಳೀಬೇಡ್ವೇ, ನೂಲು ಹರಿಯುತ್ತೆ," ಎಂದು ಪಾನಿ ಓತಿಲಿಯಾ ಕೂಗಿದರು.

ಫೆಬ್ರವರಿ 26

ಬಿಚ್ಚಿದ ನೂಲು ಸುರುಳಿಸುರುಳಿಯಾಗಿರುತ್ತದೆ. ಹಿಂದೆ ತಾನು ಏನಾಗಿತ್ತೋ ಅದೇ ಆಕಾರವನ್ನು ಹಿಡಿದುಕೊಂಡಿರುತ್ತದೆ. ಬಿಸಿನೀರಿನಲ್ಲಿ ಅದ್ದಿ, ಕೆಳಗೆ ಭಾರ ಕಟ್ಟಿ ನೇತುಹಾಕಬೇಕು. ಪಾನಿ ಓತಿಲಿಯಾ ಇಸ್ತ್ರಿಪೆಟ್ಟಿಗೆಯನ್ನೇ ಕಟ್ಟುತ್ತಾರೆ. ಪಾನ್ ಲೋಂಗಿನ್ ಅವರ ಸ್ವೆಟರು ಈಗ ಸ್ನಾನದ ಕೋಣೆಯಲ್ಲಿ ನೀರು ತೊಟ್ಟಿಕ್ಕಿಸುತ್ತ ನೇತಾಡುತ್ತಿದೆ.

ವಾಸ್ತವಾಂಶಗಳನ್ನಷ್ಟೇ ನೋಡೋಣ. ಬಾಯಿಬಿಡುವವನು ಮೊದಲು ತನ್ನ ಹತ್ತಿರ ಇರುವುದನ್ನು ಕೊಡುತ್ತಾನೆ. ಉರುಳೆಗಳು ಹೋಗಿಲ್ಲ. ಆಮೇಲೆ ನನ್ನನ್ನು ಕೊಡುತ್ತಾನೆ. ನಾನು ಹೋಗಿಲ್ಲ. ತಿತುಸ್‌ನ ನೆಲಮಾಳಿಗೆ ಪಾನ್ ಲೋಂಗಿನ್ ಅವರಿಗೆ ಗೊತ್ತೇ ಇರಲಿಲ್ಲ.

ಅದು ಗೊತ್ತಿದ್ದದ್ದು ತಿತುಸ್‌ಗೆ ಮತ್ತು ನನಗೆ.

ಮಾರ್ಚ್ 2

ತಿತುಸ್‌ಗೆ ಹೇಳಿದೆ. ಪಾನ್ ಲೋಂಗಿನ್ ಅವರಿಂದ ವಾಪಸ್ ತಂದ ಉರುಳೆಗಳನ್ನೂ ತೋರಿಸಿದೆ. ಅವನು ಮುಟ್ಟಲಿಲ್ಲ.

"ಬಲೆ ಇರಬಹುದು. ಬೇಕಂತಲೇ ಅವನ ಕೈಲಿ ಬಿಟ್ಟಿದಾರೆ, ಯಾರು ತಗೊಳೋಕೆ ಬರ್ತಾರೆ ನೋಡೋಣ ಅಂತ."

"ಹಾಗಾದ್ರೆ ನಾನು ಆಗಲೇ ಒಳಗಿರಬೇಕಿತ್ತು."

"ಹೂಂ. ಯಾಕಿಲ್ಲ?"

ಅವನು ಇದನ್ನು ಮೆತ್ತಗೆ ಕೇಳಿದ. ನನ್ನ ಮುಖ ಕೆಂಪಾಗುವುದು ನನಗೇ ತಿಳಿಯುತ್ತಿತ್ತು, ಅದನ್ನು ಅವನು ನೋಡುತ್ತಿರುವುದೂ ತಿಳಿಯುತ್ತಿತ್ತು.

"ನೋಡು ವೆಶಾ, ನನಗೆ ನಿನ್ನ ಮೇಲೆ ನಂಬಿಕೆ ಇದೆ. ಅವನಲ್ಲ ಅಂದ್ರೆ ಇನ್ಯಾರು ಅಂತ ಜನ ಕೇಳ್ತಾರೆ. ಆಗ ನಾನೇನು ಹೇಳಲಿ? ಆ ಮೂರು ಸಾಲು ಚೆನ್ನಾಗಿದೆ. ಇರಲಿ."

ಮನೆಗೆ ನಡೆದುಕೊಂಡೇ ಬಂದೆ. ಆ ಮೂರು ಸಾಲಿನಲ್ಲಿ ಬೇರೆ ಹೆಸರು ಕೂರಿಸಿದರೂ ವಾಕ್ಯ ಕೆಡುವುದಿಲ್ಲ. ನನ್ನ ಹೆಸರನ್ನು ಇಟ್ಟು ಓದಿ ನೋಡಿದೆ. ಅಷ್ಟೇ ಬಿಗಿಯಾಗಿತ್ತು.

ಮಾರ್ಚ್ 5

ಚೌಕಟ್ಟು ಬೇಕು. ಪಾನಿ ಓತಿಲಿಯಾರ ಯಂತ್ರದಲ್ಲೊಂದಿದೆ. ಅದರ ಉರುಳೆಗಳು ಮಾತ್ರ ಬಿರುಕುಬಿಟ್ಟಿವೆ. ಹೇಗೆ ಕೇಳುವುದೆಂದು ತಿಳಿಯದೆ ಯಂತ್ರದ ಸುತ್ತ ಸುಳಿದಾಡುತ್ತಿದ್ದೆ. ಅವರೇ ಸ್ಕ್ರೂಡ್ರೈವರ್ ತಂದುಕೊಟ್ಟರು.

"ಬಿಚ್ಚೋದಾದ್ರೆ ಸ್ಕ್ರೂಗಳನ್ನ ಬಿಚ್ಚಿದ ಕ್ರಮದಲ್ಲೇ ಸಾಲಾಗಿಡು. ಸೋಮವಾರ ನನಗೆ ಹಾಸಿಗೆಬಟ್ಟೆ ಒಗೀಬೇಕು."

"ನಿಮಗೆ ಹೆದರಿಕೆ ಆಗಲ್ವಾ?"

"ಆಗುತ್ತಪ್ಪಾ. ಹೆದರಿಕೆ ಆಗುತ್ತೆ, ಬಟ್ಟೇನೂ ಕೊಳೆಯಾಗುತ್ತೆ."

ಎಂಟು ಸ್ಕ್ರೂ. ಕಿಟಕಿಕಟ್ಟೆಯ ಮೇಲೆ ಸಾಲಾಗಿಟ್ಟೆ. ಇದಕ್ಕೆ ‘ಪ್ರುಚ್’ ಎನ್ನುವಂತಿಲ್ಲ. ಅದು ನೂಲಿಗೆ, ರಸ್ತೆಗೆ, ತಿಜೋರಿಗೆ, ಬಾಯಿಗೂ ನಡೆಯುತ್ತದೆ. ಯಂತ್ರಕ್ಕೆ ಬೇರೆ ಶಬ್ದವಿದೆ. ಒಂದು ಕ್ರಿಯಾಪದ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಬರೆದಿಟ್ಟವರು ಯಾರೋ. ಸ್ಕ್ರೂ ತಿರುಗಿಸುತ್ತ ಇದನ್ನೇ ಯೋಚಿಸುತ್ತಿದ್ದೆ.

ಮಾರ್ಚ್ 7, ಭಾನುವಾರ

ಕೆಳಮನೆಯವರು ರೇಡಿಯೋದಲ್ಲಿ ಪ್ರಾರ್ಥನೆ ಹಾಕಿದ್ದರು. ಆ ಸದ್ದಿನ ಮರೆಯಲ್ಲಿ ಮುದ್ರಿಸಿದೆ. ತಿತುಸ್ ಸಂಜೆ ಬಂದು ಕಟ್ಟುಗಳನ್ನು ಒಯ್ಯುವುದೆಂದು ಮಾತಾಗಿತ್ತು. ಮನೆಯಲ್ಲಿ ನಾನೊಬ್ಬಳೇ, ಪಾನಿ ಓತಿಲಿಯಾ ಚರ್ಚಿಗೆ ಹೋಗಿದ್ದರು.

ಮುದ್ರಣದ ಗುಣಮಟ್ಟದ ಬಗ್ಗೆ ಒಂದು ತಾಂತ್ರಿಕ ಟಿಪ್ಪಣಿ. ಮೇಣದ ಹಾಳೆಯ ಕೆಳಭಾಗದಲ್ಲಿ ಅಕ್ಷರಗಳು ಆಳವಾಗಿ ಕೊರೆದಿದ್ದವು. ಆ ದಿನ ನಾನು ಟೈಪ್‌ರೈಟರಿನ ಮೇಲೆ ಜೋರಾಗಿ ಹೊಡೆದಿರಬೇಕು. ಶಾಯಿ ಹೆಚ್ಚು ಇಳಿದು ಕಲೆಯಾಗುವ ಸಂಭವವಿತ್ತು. ಇಂಥಲ್ಲಿ ಉಗುರಿನ ಬಣ್ಣ ಹಚ್ಚಿ ರಂಧ್ರಗಳನ್ನು ಮುಚ್ಚುವುದು ರೂಢಿ. ಪಾನಿ ಓತಿಲಿಯಾರ ಬಾಟಲಿಯಲ್ಲಿ ತಳಕ್ಕೆ ಸ್ವಲ್ಪ ಉಳಿದಿತ್ತು. ಮೂರು ಸಾಲಿಗೆ ಸರಿಯಾಗಿ ಸಾಕಾಯಿತು. ಕುಂಚ ಸಣ್ಣದು, ಒಂದೊಂದೇ ಅಕ್ಷರ ಮುಚ್ಚಬೇಕಾಯಿತು. ಮೊದಲು ಕೊನೆಯ ವಾಕ್ಯ, ಆಮೇಲೆ ಟ್ರಾಂ ಸಂಖ್ಯೆ, ಆಮೇಲೆ ಡಿಪೋ, ಆಮೇಲೆ ಹೆಸರು.

ಉರುಳೆಗಳು ಚೆನ್ನಾಗಿ ಕೆಲಸ ಮಾಡಿದವು. ಅವಕ್ಕೆ ಬೂದು ಉಣ್ಣೆಯ ಒಂದೆರಡು ಎಳೆ ಅಂಟಿತ್ತು, ಮೊದಲ ಕೆಲವು ಹಾಳೆಗಳಲ್ಲಿ ಕೂದಲಿನಂಥ ಗೆರೆ ಬಂತು.

ತಿತುಸ್ ಬಂದ. ಮೇಲಿನ ಹಾಳೆ ನೋಡಿದ. ಕೆಳಗಿನದನ್ನು ಎಳೆದು ನೋಡಿದ. ಕಟ್ಟಿನ ಮಧ್ಯದಿಂದ ಒಂದನ್ನು ಕಿತ್ತು ನೋಡಿದ.

"ಇದೇನಿದು?"

"ಕಲೆಯಾಗ್ತಿತ್ತು."

"ನಿನಗೆ ಗೊತ್ತಾಗ್ತಿದೆಯಾ, ಇದರ ಅರ್ಥ ಏನಾಗುತ್ತೆ ಅಂತ? ನಿನ್ನ ಬಗ್ಗೆ?"

"ಗೊತ್ತು. ಬರೀಬೇಕು ಅನ್ಸಿದ್ರೆ ನೀನೇ ಬರಿ. ನಿನಗೆ ಟೈಪ್ ಬರಲ್ಲ, ನಾನೇ ಹೊಡೆದುಕೊಡ್ತೀನಿ."

ಅವನು ಕಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ. ಕಾಗದ ಮುಗಿದಿತ್ತು, ಇನ್ನೊಮ್ಮೆ ಮುದ್ರಿಸುವಂತಿರಲಿಲ್ಲ. ನನ್ನ ಮೂಲ ನಿಲುವಿನಲ್ಲಿ ಯಾವ ಬದಲಾವಣೆಯೂ ಇಲ್ಲ ಎಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಎಂಟೂ ಸ್ಕ್ರೂಗಳು ವಾಪಸ್ ಕೂತವು.

ಮಾರ್ಚ್ 11, ಗುರುವಾರ

ಮಾಂಸದ ಸಾಲಿನಲ್ಲಿ ನಿಂತಿದ್ದೆ. ನಮ್ಮ ಪತ್ರಿಕೆ ನನಗಿಂತ ಮೊದಲೇ ಅಲ್ಲಿಗೆ ಬಂದಿತ್ತು, ಕೋಟುಗಳ ಮರೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲರೂ ಕೆಳಗಿನ ಬಿಳಿ ಪಟ್ಟಿಯನ್ನೇ ನೋಡುತ್ತಿದ್ದರು.

"ಇವರಿಗೂ ಸೆನ್ಸಾರಿನವರು ಗಂಟುಬಿದ್ರಾ?" ಎಂದು ತುಪ್ಪಳದ ಟೋಪಿಯ ಮುದುಕ ಕೇಳಿದ.

"ಹರತಾಳದ ತಾರೀಕು ಇತ್ತಂತೆ. ಕೊನೇ ಗಳಿಗೇಲಿ ತೆಗೆದ್ರಂತೆ."

"ತಾರೀಕಿಗೆ ಮೂರು ಸಾಲು ಬೇಕೇನ್ರೀ? ಮಂತ್ರಿಗಳ ಹೆಂಡಿರ ವಿಷಯ ಇರಬೇಕು."

ಸೆನ್ಸಾರಿನ ವಿರುದ್ಧ ಹೋದ ತಿಂಗಳಷ್ಟೇ ಒಂದು ಪೂರ್ತಿ ಪುಟ ಬರೆದಿದ್ದೆ.

ನನ್ನ ಮುಂದೆ ನಿಂತಿದ್ದವಳು ತಿತುಸ್‌ನ ವಸತಿಯ ಕಟ್ಟಡದ ಕಾವಲುಗಾತಿ. ಅವಳು ಬೇರೆಯದೇ ಕತೆ ಹೇಳುತ್ತಿದ್ದಳು. ಹೋದ ತಿಂಗಳು ಮಿಲಿಷಿಯಾದವರು ಅವರ ನೆಲಮಾಳಿಗೆಗೆ ನುಗ್ಗಿದ್ದು ಹಂದಿಗಾಗಿಯಂತೆ. ಎರಡನೇ ಮಹಡಿಯವನು ಹಳ್ಳಿಯಿಂದ ಕದ್ದು ತಂದು ಅರ್ಧ ಹಂದಿಯನ್ನು ಅಲ್ಲಿ ನೇತುಹಾಕಿದ್ದ.

"ಹಂದೀನೂ ಹೊತ್ಕೊಂಡು ಹೋದ್ರು, ಜೊತೆಗೆ ಯಾರದೋ ಬಟ್ಟೆ ಹಿಂಡೋ ಚೌಕಟ್ಟನ್ನೂ. ನಾನೇ ಕೇಳಿದೆ, ‘ಅದ್ಯಾಕ್ರೀ ನಿಮಗೆ? ಅದೂ ಹಂದೀನಾ?’ ಅಂತ. ಸಾರ್ಜೆಂಟ್ ಹೇಳ್ತಾನೆ, ‘ನನ್ನ ಹೆಂಡತಿ ಯಂತ್ರದ್ದು ಮುರಿದು ಒಂದು ವರ್ಷ ಆಯ್ತಮ್ಮಾ, ಬಿಡಿಭಾಗ ಎಲ್ಲೂ ಸಿಗಲ್ಲ.’"

ಸಾಲಿನವರೆಲ್ಲ ನಕ್ಕರು. ನಾನು ಸಾಲು ಬಿಟ್ಟು ಹೊರಟೆ. ಮಾಂಸ ಸಿಗುವಷ್ಟು ಹತ್ತಿರ ಬಂದಿದ್ದೆ, ಆದರೂ.

ಟ್ರಾಂ ಹಿಡಿದು ಕೊನೆಯ ನಿಲ್ದಾಣದವರೆಗೆ ಹೋದೆ. ಪಾನ್ ಲೋಂಗಿನ್ ಡಿಪೋದ ಬೆಂಚಿನ ಮೇಲೆ ಬ್ರೆಡ್ಡು ತಿನ್ನುತ್ತಿದ್ದರು. ಇತರ ಚಾಲಕರು ಗೋಡೆಗೆ ಒರಗಿ, ಚಳಿಯಲ್ಲಿ ನಿಂತೇ ಚಹಾ ಕುಡಿಯುತ್ತಿದ್ದರು. ಹೆಸರು ಅಚ್ಚಾಗಲಿಲ್ಲ ನಿಜ, ಆದರೆ ಅದಕ್ಕೂ ಮೊದಲೇ ಬಾಯಿಂದ ಬಾಯಿಗೆ ಹೋದದ್ದು ಇನ್ನೂ ಅಲ್ಲೇ ಇತ್ತು. ಅದಕ್ಕೆ ಉಗುರಿನ ಬಣ್ಣ ಹಚ್ಚುವುದು ಹೇಗೋ ನನಗೆ ತಿಳಿಯದು.

ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕುಳಿತೆ. ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು.

ಅವರು ಬ್ರೆಡ್ಡನ್ನು ಮುರಿದು ಅರ್ಧ ನನಗೆ ಕೊಟ್ಟರು. ಕೋಟಿನ ಒಳಗಿನಿಂದ ನಮ್ಮ ಪತ್ರಿಕೆ ತೆಗೆದು, ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟು, ದನಿ ತಗ್ಗಿಸಿ ಕೇಳಿದರು:

"ಇಲ್ಲೇನಿತ್ತು, ಪಾನಿ ವೆಶಾ?"

"ನಾನು ಬರೆದದ್ದೊಂದು. ಚೆನ್ನಾಗಿರಲಿಲ್ಲ, ತೆಗೆದೆ."

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ.

"ಕಾಗದ ಸಿಗದ ಕಾಲ ತಾಯಿ ಇದು," ಅಂದರು, ಬೇಸರದಿಂದ. "ಮೂರು ಸಾಲಿನ ಜಾಗ ಸುಮ್ಮನೆ ಹಾಳಾಯ್ತಲ್ಲ."